ಮೀಟರ್ ಪದ್ಧತಿಯ ಉದ್ದಳತೆಗಳು: ಫ್ರಾನ್ಸಿನ ಅನುಭವ, ೧೭೯೫–೧೮೪೦

ಕಿಲೋಮೀಟರನ್ನು ಮೀಟರಿಗೂ, ಮೀಟರನ್ನು ಸೆಂಟಿಮೀಟರಿಗೂ ಪರಿವರ್ತಿಸಲು ದಶಾಂಶ ಬಿಂದುವನ್ನು ಸರಿಸಿದರೆ ಸಾಕು. ಇಷ್ಟು ಸುಲಭವಾದ ಕ್ರಮವನ್ನು ಜನರು ಕಂಡೊಡನೆಯೇ ಒಪ್ಪಿಕೊಂಡಿರಬೇಕೆಂದು ಊಹಿಸುವುದು ಸಹಜ. ಆದರೆ ಅದರ ತವರಾದ ಫ್ರಾನ್ಸಿನಲ್ಲಿಯೇ ಇಪ್ಪತ್ತೆಂಟು ವರ್ಷಗಳ ಕಾಲ ಈ ಕ್ರಮವು ಅಂಗಡಿ ಬೀದಿಯಿಂದ ಹಿಂದೆಗೆಯಬೇಕಾಯಿತೆಂಬ ಸಂಗತಿಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

೧೭೯೫ರ ಏಪ್ರಿಲ್ ೭ರ ಶಾಸನವು ಮೀಟರಿನ ಗುಣಕಗಳಿಗೆ ಗ್ರೀಕ್ ಮೂಲದ ಡೆಕಾ, ಹೆಕ್ಟೊ, ಕಿಲೊ ಎಂಬ ಪೂರ್ವಪದಗಳನ್ನೂ, ಅಂಶಗಳಿಗೆ ಲ್ಯಾಟಿನ್ ಮೂಲದ ಡೆಸಿ, ಸೆಂಟಿ, ಮಿಲಿ ಎಂಬುವನ್ನೂ ವಿಧಿಸಿತು. ಪರಿವರ್ತನೆಯ ಸೂತ್ರವು ಹೆಸರಿನಲ್ಲಿಯೇ ಅಡಗಿದ್ದಿತು. ಆದರೆ ಈ ಹೆಸರುಗಳು ಜನರ ನಾಲಗೆಗೆ ಹಿಡಿಸಲಿಲ್ಲ. ೧೮೦೦ರ ನವೆಂಬರಿನಲ್ಲಿ ಸರ್ಕಾರವು ಸೆಂಟಿಮೀಟರನ್ನು 'ಬೆರಳು' ಎಂದೂ, ಕಿಲೋಮೀಟರನ್ನು 'ಮೈಲಿ' ಎಂದೂ ಕರೆಯಲು ಅವಕಾಶವಿತ್ತಿತು. ಒಂದು ಮೈಲಿಗೆ ಎಷ್ಟು ಬೆರಳೆಂಬುದನ್ನು ಹೆಸರಿನಿಂದ ಅರಿಯುವುದು ಅಸಾಧ್ಯವಾಯಿತು.

೧೮೧೨ರಲ್ಲಿ ನೆಪೋಲಿಯನ್ನನ ಸರ್ಕಾರವು ಇನ್ನೂ ಮುಂದೆ ಹೋಯಿತು. ಚಿಲ್ಲರೆ ವ್ಯಾಪಾರಕ್ಕಾಗಿ ಹಳೆಯ 'ತ್ವಾಸ್' ಮಾನವನ್ನು ಸರಿಯಾಗಿ ಎರಡು ಮೀಟರೆಂದು ನಿಗದಿಗೊಳಿಸಿ, ಅದನ್ನು ೬ ಅಡಿಗಳಾಗಿಯೂ ಅಡಿಯನ್ನು ೧೨ ಅಂಗುಲಗಳಾಗಿಯೂ ಭಾಗಿಸಿತು. ಕಚೇರಿ, ಶಾಲೆಗಳಲ್ಲಿ ಮಾತ್ರ ದಶಮಾನ ಉಳಿಯಿತು. ಇದನ್ನು ಜನರ ಅಜ್ಞಾನಕ್ಕೆ ಸಂದ ಮನ್ನಣೆಯೆನ್ನುವ ವಾದವನ್ನು ನಾವು ಒಪ್ಪಲಾರೆವು. ಹನ್ನೆರಡು ಅಂಗುಲದ ಬಟ್ಟೆಯನ್ನು ಮೂವರಿಗೆ ಹಂಚಿದರೆ ತಲೆಗೆ ನಾಲ್ಕಂಗುಲ. ಮೀಟರನ್ನು ಮೂರು ಪಾಲು ಮಾಡಿದರೆ ೩೩.೩೩೩ ಸೆಂಟಿಮೀಟರೆಂದು ಕೊನೆಯಿಲ್ಲದ ಭಿನ್ನ. ಲೆಕ್ಕವಿಡುವವನಿಗೆ ಹತ್ತು ಅನುಕೂಲ, ಕತ್ತರಿಸಿ ಕೊಡುವವನಿಗೆ ಹನ್ನೆರಡು. (೧೯೫೭ರಲ್ಲಿ ನಯಾಪೈಸೆ ಬಂದಾಗ ಒಂದಾಣೆಗೆ ಆರೂಕಾಲು ಪೈಸೆಯಾದುದು ನಮ್ಮವರು ಕಂಡ ಇಂಥದೇ ತೊಡಕು.) ವಿರೋಧವಿದ್ದುದು ಮೀಟರಿನ ಉದ್ದಕ್ಕಿಂತ ಹೆಚ್ಚಾಗಿ ಅದನ್ನು ಭಾಗಿಸುವ ರೀತಿಗೆ ಎಂಬುದು ನಮ್ಮ ಅಭಿಪ್ರಾಯ.

೧೮೩೭ರ ಜುಲೈ ೪ರ ಶಾಸನವು ಈ ಮಿಶ್ರ ಮಾನಗಳನ್ನು ರದ್ದುಗೊಳಿಸಿತು. ೧೮೪೦ರ ಜನವರಿ ೧ರಿಂದ ದಶಮಾನವೊಂದೇ ಕಡ್ಡಾಯವಾಯಿತು.

ಈ ಕಾಲದ ದಾಖಲೆಗಳನ್ನು ಓದುವ ವಿದ್ಯಾರ್ಥಿಗಳು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಪ್ಯಾರಿಸಿನ ಹಳೆಯ ಅಡಿ ಸುಮಾರು ೩೨.೪೮ ಸೆಂಟಿಮೀಟರು, ೧೮೧೨ರ ಅಡಿ ೩೩.೩೩. ಅರವತ್ತು ಅಡಿಯ ಗೋಡೆಯೆಂದು ಬರೆದಿದ್ದರೆ ಅದು ೧೯.೪೯ ಮೀಟರೋ ೨೦ ಮೀಟರೋ ಎಂಬುದನ್ನು ಪತ್ರದ ತಾರೀಖನ್ನು ನೋಡದೆ ಹೇಳುವಂತಿಲ್ಲ.