ವೈಟ್‌ವಾಟರ್ ಕಯಾಕಿಂಗ್: ಆರಂಭಿಕ ಕಲಿಕೆ ಮತ್ತು ನದಿ ರಕ್ಷಣಾ ಕೌಶಲಗಳು

ಬಂಡೆಗಳ ನಡುವೆ ನೊರೆಯುಕ್ಕಿಸುತ್ತಾ ಹರಿಯುವ ನದಿಯಲ್ಲಿ, ಎರಡೂ ತುದಿಗಳಲ್ಲಿ ಅಲಗುಳ್ಳ ಹುಟ್ಟಿನಿಂದ ಒಬ್ಬರೇ ಕಿರುದೋಣಿ ನಡೆಸುವ ಜಲಸಾಹಸ ಕ್ರೀಡೆಯೇ ವೈಟ್‌ವಾಟರ್ ಕಯಾಕಿಂಗ್. ರ‍್ಯಾಫ್ಟಿಂಗ್‌ನಲ್ಲಿ ದೋಣಿಯ ಹೊಣೆಯನ್ನು ಮಾರ್ಗದರ್ಶಕರು ಹೊರುತ್ತಾರೆ. ಕಯಾಕ್‌ನಲ್ಲಿ ಆ ಹೊಣೆ ಚಾಲಕರದೇ. ಆದುದರಿಂದ ನೀರಿನಿಂದ ತಾನು ಪಾರಾಗುವುದನ್ನೂ ಇತರರನ್ನು ಪಾರುಮಾಡುವುದನ್ನೂ ದೋಣಿ ನಡೆಸುವುದರ ಜೊತೆಜೊತೆಗೇ ಕಲಿಯತಕ್ಕದ್ದು.

ರಾಜ್ಯದಲ್ಲಿ ಸಾಹಸ ಕ್ರೀಡೆಗಳ ತರಬೇತಿಗಾಗಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿಯಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಕಾರ್ಯನಿರ್ವಹಿಸುತ್ತಿದೆ. ಆಸಕ್ತರು ಶಿಬಿರದ ದಿನಾಂಕ, ಶುಲ್ಕ ಹಾಗೂ ವಯೋಮಿತಿಯ ವಿವರಗಳನ್ನು ಅಕಾಡೆಮಿಯಲ್ಲಿ ಅಥವಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ ತಿಳಿಯಬಹುದು.

ನದಿಯ ದರ್ಜೆ

ರಭಸದ ನೀರನ್ನು ಅಂತರರಾಷ್ಟ್ರೀಯವಾಗಿ 1ರಿಂದ 6ರವರೆಗಿನ ದರ್ಜೆಗಳಾಗಿ ವಿಂಗಡಿಸಲಾಗಿದೆ. ಹೊಸಬರು 1 ಮತ್ತು 2ನೇ ದರ್ಜೆಯ ನೀರಿನಲ್ಲಿಯೇ ಅಭ್ಯಾಸ ಮಾಡತಕ್ಕದ್ದು. ದರ್ಜೆಯು ನದಿಗೆ ಶಾಶ್ವತವಾಗಿ ಅಂಟಿದ ಅಂಕಿಯಲ್ಲ. ನೀರಿನ ಮಟ್ಟ ಏರಿದಂತೆ ಅದೇ ಹರಿವು ಬೇರೆಯೇ ನದಿಯಾಗುತ್ತದೆ. ನೀರಿನ ವೇಗ ಇಮ್ಮಡಿಯಾದರೆ ಅದು ದೇಹದ ಮೇಲೆ ಹೇರುವ ಬಲ ನಾಲ್ಕು ಪಟ್ಟಾಗುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಗಣೇಶಗುಡಿಯ ಬಳಿ ಕಾಳಿ ನದಿಯ ಹರಿವು ಸೂಪಾ ಅಣೆಕಟ್ಟೆಯ ವಿದ್ಯುದಾಗಾರದಿಂದ ಹೊರಬರುವ ನೀರನ್ನು ಅವಲಂಬಿಸಿದೆ. ಮಳೆಯಿಲ್ಲದ ದಿನವೂ ಅಲ್ಲಿ ಮಟ್ಟ ಏರಬಹುದಾದ ಕಾರಣ ಸ್ಥಳೀಯ ಮಾರ್ಗದರ್ಶಕರನ್ನು ಕೇಳದೆ ನೀರಿಗಿಳಿಯಬಾರದು. ಇದೇ ನದಿಯ ದಾಂಡೇಲಿ ಪಾತ್ರದಲ್ಲಿ ಮೊಸಳೆಗಳಿರುವುದನ್ನೂ ಗಮನದಲ್ಲಿಡತಕ್ಕದ್ದು. ದಕ್ಷಿಣ ಕೊಡಗಿನಿಂದ ಕೇರಳದತ್ತ ಹರಿಯುವ ಬರಪೊಳೆಯು ಮಳೆಗಾಲದಲ್ಲಿ ಭೋರ್ಗರೆಯುವ ನದಿ. ಕಯಾಕ್‌ನ ಮೊದಲ ಪಾಠಕ್ಕೆ ಅದು ತಕ್ಕ ಸ್ಥಳವಲ್ಲ.

ಕಲಿಕೆಯ ಕ್ರಮ

ಮೊದಲ ಪಾಠ ನಿಂತ ನೀರಿನಲ್ಲಿ, ಅದೂ ಮಗುಚಿದ ದೋಣಿಯಿಂದ ಹೊರಬರುವುದು. ಚಾಲಕರ ಸೊಂಟಕ್ಕೂ ದೋಣಿಯ ಬಾಯಿಗೂ ನೀರು ನುಗ್ಗದಂತೆ ಒಂದು ಹೊದಿಕೆಯನ್ನು ಬಿಗಿದಿರುತ್ತದೆ. ಮಗುಚಿದೊಡನೆ ಮುಂದಕ್ಕೆ ಬಾಗಿ, ಹೊದಿಕೆಯ ಮುಂತುದಿಯ ಕುಣಿಕೆಯನ್ನು ಎಳೆದು, ದೋಣಿಯ ಅಂಚನ್ನು ತಳ್ಳಿ ಹೊರಬರಬೇಕು. ಕುಣಿಕೆಯು ಹೊದಿಕೆಯೊಳಗೆ ಸಿಕ್ಕಿಕೊಂಡಿಲ್ಲವೆಂದು ಪ್ರತಿ ಬಾರಿಯೂ ಪರೀಕ್ಷಿಸತಕ್ಕದ್ದು. ಹರಿಗೋಲಿನಲ್ಲಿ ಪಳಗಿದವರಿಗೆ ಸೆಳವು, ಸುಳಿಗಳ ಪರಿಚಯವಿರುತ್ತದೆ; ಆದರೆ ಕಾಲುಗಳು ದೋಣಿಯೊಳಗಿರುವ ಈ ಸ್ಥಿತಿ ಅವರಿಗೂ ಹೊಸದು.

ಗಾಬರಿಯಿಲ್ಲದೆ ಹೊರಬರಲು ಸಾಧ್ಯವಾದ ಮೇಲೆಯೇ ಹುಟ್ಟು ಹಾಕುವ ವಿಧಾನ, ಮಗುಚಿದ ದೋಣಿಯನ್ನು ಕುಳಿತಲ್ಲಿಂದಲೇ ನೆಟ್ಟಗಾಗಿಸುವ ರೋಲ್, ಬಂಡೆಯ ಹಿಂದಿನ ತಿಳಿನೀರಿಗೆ ಸೇರಿ ಮತ್ತೆ ಸೆಳವಿಗೆ ಮರಳುವ ಅಭ್ಯಾಸಗಳು ಬರುತ್ತವೆ. ಸೆಳವಿಗೆ ಪ್ರವೇಶಿಸುವಾಗ ನೀರು ಬರುವ ಕಡೆಯ ಅಂಚನ್ನು ಎತ್ತಿ ಹಿಡಿಯಬೇಕು. ಅದು ತಗ್ಗಿದರೆ ದೋಣಿ ಕ್ಷಣದಲ್ಲಿ ಮಗುಚುತ್ತದೆ. ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್, ಹೆಲ್ಮೆಟ್ ಹಾಗೂ ಕಾಲಿಗೆ ಭದ್ರವಾಗಿ ನಿಲ್ಲುವ ಪಾದರಕ್ಷೆ ಕಡ್ಡಾಯ.

ನೀರಿಗೆ ಬಿದ್ದಾಗ

ಸೆಳವಿನಲ್ಲಿ ಬಿದ್ದವರು ಎದ್ದು ನಿಲ್ಲಲು ಯತ್ನಿಸಬಾರದು. ಪಾದವು ಬಂಡೆಗಳ ಸಂದಿನಲ್ಲಿ ಸಿಕ್ಕಿಕೊಂಡರೆ ನೀರಿನ ರಭಸವು ದೇಹವನ್ನು ಮುಂದಕ್ಕೆ ಕೆಡವಿ ಮುಳುಗಿಸುತ್ತದೆ. ಸೊಂಟಮಟ್ಟದ ನೀರಿನಲ್ಲಿಯೂ ಹೀಗೆ ಸಾವು ಸಂಭವಿಸಬಹುದು. ಅಂಗಾತನಾಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ ಮೇಲಕ್ಕೆತ್ತಿಕೊಂಡು, ಓರೆಯಾಗಿ ದಡದತ್ತ ಸಾಗಬೇಕು. ಈ ನಿಯಮಕ್ಕೆ ಒಂದು ಅಪವಾದವುಂಟು: ಎದುರಿಗೆ ಉರುಳಿದ ಮರವಿದ್ದು ತಪ್ಪಿಸಿಕೊಳ್ಳಲು ಆಗದಿದ್ದಲ್ಲಿ ಬೋರಲಾಗಿ ತಿರುಗಿ, ತಲೆ ಮುಂದಾಗಿ ಈಜಿ, ಮರದ ಮೇಲಕ್ಕೆ ಹತ್ತಬೇಕು. ಕೊಂಬೆಗಳ ನಡುವೆ ನೀರು ಜಾರಿಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ.

ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗಿನ ಒಡ್ಡುಗಳ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಮೇಲಿನಿಂದ ನೋಡಿದರೆ ಅವು ನಿರಪಾಯವಾಗಿ ತೋರುತ್ತವೆ. ಆದರೆ ಒಡ್ಡಿನ ಬುಡದಲ್ಲಿ ನೀರು ಹಿಂದಕ್ಕೆ ಮರಳಿ ಸುತ್ತುತ್ತಾ, ಬಿದ್ದವರನ್ನು ಹೊರಬಿಡದೆ ಮತ್ತೆ ಮತ್ತೆ ಒಳಗೆಳೆಯುತ್ತದೆ. ಅಂತಹ ಕಡೆ ದೋಣಿಯನ್ನು ದಡದ ಮೇಲೆ ಹೊತ್ತು ದಾಟಿಸತಕ್ಕದ್ದು.

ಇತರರನ್ನು ರಕ್ಷಿಸುವಾಗ

ಮುಳುಗುತ್ತಿರುವವರನ್ನು ಕಂಡು ಧಾವಿಸಿ ಧುಮುಕಿದವರೂ ನೀರುಪಾಲಾಗುವುದು ನಮ್ಮ ನದಿ, ಕೆರೆಗಳಲ್ಲಿ ಪದೇ ಪದೇ ನಡೆಯುತ್ತಿದೆ. ಆದುದರಿಂದ ಮೊದಲು ಕೂಗಿ ಸೂಚನೆ ನೀಡಬೇಕು, ಬಳಿಕ ದಡದಿಂದಲೇ ಕೋಲು ಅಥವಾ ಹುಟ್ಟನ್ನು ಚಾಚಬೇಕು, ಅದು ಎಟುಕದಿದ್ದರೆ ಹಗ್ಗ ಎಸೆಯಬೇಕು, ನಂತರವೇ ದೋಣಿ. ನೀರಿಗಿಳಿಯುವುದು ತರಬೇತಿ ಪಡೆದವರ ಕೊನೆಯ ಉಪಾಯ.

ಸುಮಾರು 15ರಿಂದ 20 ಮೀಟರ್ ಉದ್ದದ ತೇಲುವ ಹಗ್ಗವನ್ನು ತುಂಬಿದ ಎಸೆಚೀಲವು ತಂಡದ ಪ್ರತಿಯೊಬ್ಬರಲ್ಲಿಯೂ ಇರುವುದು ಒಳ್ಳೆಯದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಸೊಂಟಕ್ಕೆ ಕಟ್ಟಿಕೊಳ್ಳಲೂ ಬಾರದು. ಹಗ್ಗ ದೊರೆತವರು ಅದನ್ನು ಎದೆಯ ಮೇಲೆ ಹಿಡಿದು, ಹೆಗಲ ಮೇಲಿನಿಂದ ಸಾಗುವಂತೆ ಮಾಡಿ, ಅಂಗಾತ ತೇಲಬೇಕು. ಸನ್ನೆ ಮಾಡುವವರು ಅಪಾಯದ ಕಡೆಗಲ್ಲ, ಸಾಗಬೇಕಾದ ಸುರಕ್ಷಿತ ದಿಕ್ಕಿಗೆ ಮಾತ್ರ ಕೈ ತೋರಿಸತಕ್ಕದ್ದು. ಮೂರು ಬಾರಿ ಸೀಟಿ ಊದುವುದು ತುರ್ತು ಸಂಕೇತ.

ದಡಕ್ಕೆ ತಂದವರ ಹೊಟ್ಟೆ ಒತ್ತಿ ನೀರು ಕಕ್ಕಿಸುವ, ತಲೆಕೆಳಗು ಮಾಡುವ ರೂಢಿಯನ್ನು ಕೈಬಿಡಬೇಕು. ಅದರಿಂದ ಕಾಲಹರಣವಾಗುವುದಲ್ಲದೆ ವಾಂತಿಯು ಶ್ವಾಸಕೋಶ ಸೇರುವ ಅಪಾಯವಿದೆ. ಉಸಿರಾಟ ನಿಂತಿದ್ದರೆ ತರಬೇತಿ ಪಡೆದವರು ಮೊದಲು ಬಾಯಿಗೆ ಬಾಯಿಟ್ಟು ಉಸಿರು ನೀಡಿ, ನಂತರ 30 ಬಾರಿ ಎದೆ ಒತ್ತುವುದು, 2 ಬಾರಿ ಉಸಿರು ನೀಡುವುದು ಎಂಬ ಕ್ರಮದಲ್ಲಿ ಮುಂದುವರಿಸಬೇಕು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಬಹುದು.

ಅರ್ಜಿದಾರರ ಗಮನಕ್ಕೆ

ಮೂರ್ಛೆರೋಗ, ಹೃದ್ರೋಗ, ಉಬ್ಬಸ ಅಥವಾ ಈ ಹಿಂದೆ ಭುಜದ ಕೀಲು ತಪ್ಪಿದ್ದಲ್ಲಿ ಮರೆಮಾಚದೆ ತರಬೇತುದಾರರಿಗೆ ತಿಳಿಸತಕ್ಕದ್ದು. ಈಜು ಬಾರದವರು ಮೊದಲು ಈಜು ಕಲಿತು ನಂತರ ಈ ತರಬೇತಿಗೆ ಸೇರುವುದು ಸೂಕ್ತ. ಖಾಸಗಿ ಸಂಸ್ಥೆಗಳಲ್ಲಿ ಹಣ ಪಾವತಿಸುವ ಮುನ್ನ ಸಂಸ್ಥೆಗೆ ಅನುಮತಿ ಇದೆಯೇ, ತರಬೇತುದಾರರು ನದಿ ರಕ್ಷಣೆ ಮತ್ತು ಪ್ರಥಮ ಚಿಕಿತ್ಸೆಯಲ್ಲಿ ಪ್ರಮಾಣಪತ್ರ ಹೊಂದಿದ್ದಾರೆಯೇ, ವಿಮೆ ಇದೆಯೇ ಎಂಬುದನ್ನು ಕೇಳಿ, ದಾಖಲೆಯನ್ನು ಕಣ್ಣಾರೆ ನೋಡುವುದು.