ಟೇಪು ಹೋಯ್ತು, ಪಾಠ ಉಳೀತು

ಇವತ್ತು ನನ್ನದೇ ಒಂದು ಎಡವಟ್ಟಿನಿಂದ ಶುರು ಮಾಡ್ತೀನಿ. ಕೆಲಸಕ್ಕೆ ಸೇರಿದ ಹೊಸತು. ಡೇಟಾಬೇಸಿನಿಂದ ಬಂದ ಸಾಲುಗಳನ್ನೆಲ್ಲ ಮೆಮೊರಿಗೆ ತುಂಬಿಕೊಂಡು, ನನ್ನ ಪ್ರೋಗ್ರಾಮಿನಲ್ಲೇ ದಿನಾಂಕದ ಪ್ರಕಾರ ಸಾರ್ಟ್ ಮಾಡ್ತಿದ್ದೆ. ಪರೀಕ್ಷೆಗೆ ಇದ್ದದ್ದು 200 ಸಾಲು, ಚೆನ್ನಾಗೇ ನಡೀತು. ಲಕ್ಷಗಟ್ಟಲೆ ಸಾಲು ಬಂದ ದಿನ ಸರ್ವರ್ ಮಲಗಿಬಿಡ್ತು.

"ಇದು ಕಂಪ್ಯೂಟರಿನಷ್ಟೇ ಹಳೇ ಕಾಯಿಲೆ ಕಣಪ್ಪ" ಅಂದ್ರು ಹಿರಿಯ ಸಹೋದ್ಯೋಗಿಯೊಬ್ಬರು. ನಿಜವೇ. 1945ರಲ್ಲೇ ಜಾನ್ ವಾನ್ ನ್ಯೂಮನ್, ಇನ್ನೂ ಕಟ್ಟಿಯೇ ಇರದ ಎಡ್ವ್ಯಾಕ್ ಯಂತ್ರಕ್ಕೆ ಸಾರ್ಟಿಂಗ್ ಪ್ರೋಗ್ರಾಂ ಬರೆದಿದ್ದರು. ಕ್ರಮದಲ್ಲಿರುವ ಎರಡು ಪಟ್ಟಿಗಳನ್ನು ಸೇರಿಸಿ ಒಂದು ಮಾಡುವ 'ಮರ್ಜ್' ವಿಧಾನ ಅದು. ಮುಂದೆ ಮ್ಯಾಗ್ನೆಟಿಕ್ ಟೇಪುಗಳ ಕಾಲದಲ್ಲಿ ಅದೇ ಆಸರೆಯಾಯಿತು: ಮೆಮೊರಿಗೆ ಹಿಡಿಸುವಷ್ಟನ್ನು ಮಾತ್ರ ಜೋಡಿಸು, ಟೇಪಿಗೆ ಬರೆ, ಕೊನೆಗೆ ತುಂಡುಗಳನ್ನು ಕೂಡಿಸು. 1968ರಲ್ಲಿ ಅಮೆರಿಕದ ಮಾರ್ಟಿನ್ ಗೋಟ್ಜ್‌ಗೆ ಸಿಕ್ಕ, ಮೊದಲ ಸಾಫ್ಟ್‌ವೇರ್ ಪೇಟೆಂಟ್ ಎಂದೇ ಹೆಸರಾದದ್ದೂ ಸಾರ್ಟಿಂಗಿಗೇ.

ಟೇಪು ಹೋದರೂ ವಿಧಾನ ಹೋಗಲಿಲ್ಲ. ಇವತ್ತಿನ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ, ನಾವು ಬದಲಿಸದಿದ್ದರೆ, ಒಂದು ಸಾರ್ಟಿಗೆ ಸಿಗೋ ಮೆಮೊರಿ 4 ಎಂಬಿ ಅಷ್ಟೇ. ಮೀರಿದರೆ ತುಂಡುಗಳು ಡಿಸ್ಕಿಗೆ ಹೋಗ್ತವೆ, ಆಮೇಲೆ ಅದೇ ಮರ್ಜ್. ಮೊದಲ 20 ಸಾಲು ಸಾಕು ಅಂದ್ರೆ ಅಷ್ಟನ್ನೇ ಕೈಯಲ್ಲಿಟ್ಟುಕೊಂಡು ಉಳಿದದ್ದನ್ನು ಬಿಡುತ್ತೆ. 'ಆರ್ಡರ್ ಬೈ' ಅನ್ನೋ ಎರಡು ಪದದ ಹಿಂದೆ ಇಷ್ಟು ದಶಕಗಳ ಅನುಭವ ಇದೆ. ನಾನು ಅದನ್ನ ಬದಿಗಿಟ್ಟು ಎಲ್ಲಾ ಹೊರೆ ತಲೆ ಮೇಲೆ ಹೊತ್ತುಕೊಂಡಿದ್ದೆ.

ಹತ್ತಿಪ್ಪತ್ತು ಸಾಲಾದರೆ ಈಗಲೂ ಪ್ರೋಗ್ರಾಮಿನಲ್ಲೇ ಜೋಡಿಸ್ತೀನಿ, ತಪ್ಪೇನಿಲ್ಲ. ಆದರೆ ಮೊದಲು ಕೇಳಿಕೊಳ್ತೀನಿ: ನಾಳೆ ಎಷ್ಟು ಸಾಲು ಬರಬಹುದು?