ಜೀವದಯೆಯೂ ಹುಚ್ಚುನಾಯಿ ರೋಗದ ಲಸಿಕೆಯೂ

1926ರಲ್ಲಿ ಅಹಮದಾಬಾದಿನ ಜೈನ ಸಮಾಜವನ್ನು ಒಂದು ಪ್ರಶ್ನೆ ತೀವ್ರವಾಗಿ ಕಲಕಿತು. ಜೈನ ಮನೆತನಕ್ಕೆ ಸೇರಿದ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಅವರು ತಮ್ಮ ಗಿರಣಿಯ ಆವರಣದಲ್ಲಿ ಅಲೆಯುತ್ತಿದ್ದ ಸುಮಾರು 60 ನಾಯಿಗಳನ್ನು ಹುಚ್ಚಿನ ಭಯದಿಂದ ಹಿಡಿಸಿ ಕೊಲ್ಲಿಸಿದರು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಇದನ್ನು ಹೇಗೆ ಸಹಿಸಬೇಕು? ನಗರದ ಜೀವದಯಾ ಸಂಘದವರು ಗಾಂಧೀಜಿಯವರ ಅಭಿಪ್ರಾಯವನ್ನು ಕೇಳಿದರು. ಮಾಲೀಕರಿಗೆ ಬೇರೆ ದಾರಿ ಇರಲಿಲ್ಲವೆಂದು ಗಾಂಧೀಜಿ ಉತ್ತರಿಸಿದಾಗ ಆಕ್ಷೇಪದ ಪತ್ರಗಳು ರಾಶಿರಾಶಿಯಾಗಿ ಬಂದವು. ಅವರು 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಈ ವಿಷಯವನ್ನು ಕುರಿತು ಹಲವು ಲೇಖನಗಳನ್ನೇ ಬರೆಯಬೇಕಾಯಿತು. ಒಡೆಯನಿಲ್ಲದ ನಾಯಿಗೆ ದಾರಿಯಲ್ಲಿ ತುತ್ತು ಎಸೆದು ಪುಣ್ಯ ಸಂಪಾದಿಸಿದೆವೆಂದು ತಿಳಿಯುವುದು ದಯೆಯಲ್ಲ, ಅದರ ಹೊಣೆ ಹೊರುವುದೇ ದಯೆ ಎಂಬುದು ಅವರ ವಾದದ ತಿರುಳಾಗಿತ್ತು.

ಆ ವಿವಾದವನ್ನು ಅರಿಯಬೇಕಾದರೆ ಅಂದಿನ ವೈದ್ಯದ ಸ್ಥಿತಿಯನ್ನು ಅರಿಯಬೇಕು. ಈ ರೋಗದ ಲಕ್ಷಣಗಳು ಒಮ್ಮೆ ತೋರಿದ ಮೇಲೆ ಬದುಕಿ ಉಳಿಯುವವರು ಇಲ್ಲವೆನ್ನುವಷ್ಟು ವಿರಳ, ಇಂದಿಗೂ ಹಾಗೆಯೇ. 1885ರ ಜುಲೈ 6ರಂದು ಫ್ರಾನ್ಸಿನ ಲೂಯಿ ಪಾಶ್ಚರ್, ಹುಚ್ಚುನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಬಾರಿಗೆ ಲಸಿಕೆ ನೀಡಿದನು. ರೋಗ ತಗುಲಿದ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ಅದನ್ನು ಸಿದ್ಧಪಡಿಸಲಾಗಿತ್ತು. ಬಾಲಕನು ಬದುಕಿದನು. ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ 1907ರಲ್ಲಿ ಕೂನೂರಿನಲ್ಲಿಯೂ ಪಾಶ್ಚರ್ ಸಂಸ್ಥೆಗಳು ಆರಂಭವಾದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ ಲಸಿಕೆ ಕುರಿಯ ಮಿದುಳಿನಿಂದ ತಯಾರಾಗುತ್ತಿತ್ತು. ಹೊಕ್ಕುಳಿನ ಸುತ್ತ ಹದಿನಾಲ್ಕು ಸೂಜಿ ಎಂದು ನಮ್ಮ ಹಿರಿಯರು ನಡುಗುತ್ತ ನೆನೆಯುತ್ತಿದ್ದುದು ಇದನ್ನೇ. ಕೆಲವರಿಗೆ ಇದರಿಂದಲೇ ನರದೌರ್ಬಲ್ಯ, ಪಾರ್ಶ್ವವಾಯು ಉಂಟಾಗುತ್ತಿದ್ದುದೂ ಉಂಟು.

ಹೀಗೆ ಅಂದಿನ ಶ್ರಾವಕನ ಮುಂದೆ ಇದ್ದ ದಾರಿಗಳೆಲ್ಲವೂ ಹಿಂಸೆಯ ದಾರಿಗಳೇ. ನಾಯಿಯನ್ನು ಕೊಂದರೆ ಹಿಂಸೆ. ಬಿಟ್ಟರೆ ಮನುಷ್ಯನ ಸಾವು. ಚಿಕಿತ್ಸೆ ಪಡೆದರೆ ಕುರಿಯ ಬಲಿ. ನಾಯಿಗಳಿಗೇ ಸಾಮೂಹಿಕವಾಗಿ ಲಸಿಕೆ ಹಾಕುವ ಪ್ರಯತ್ನ 1920ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ನಡೆದಿತ್ತಾದರೂ ನಮ್ಮ ಬೀದಿಗಳಿಗೆ ಅದು ಬಂದಿರಲಿಲ್ಲ.

ಇಂದು ಆ ಇಕ್ಕಟ್ಟು ಬಹುಮಟ್ಟಿಗೆ ಸಡಿಲಗೊಂಡಿದೆ. ಕುರಿಯ ಮಿದುಳಿನ ಲಸಿಕೆಯ ತಯಾರಿಕೆಯನ್ನು ಭಾರತವು 2004ರ ಕೊನೆಯಲ್ಲಿ ನಿಲ್ಲಿಸಿತು. ಈಗಿನ ಲಸಿಕೆಗಳಿಗೆ ವೈರಾಣುವನ್ನು ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಬೆಳೆಸುತ್ತಾರೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ವೀರೋ ಎಂಬ ಕೋಶಸಂತತಿಯು 1962ರಲ್ಲಿ ಒಂದು ಕೋತಿಯ ಮೂತ್ರಪಿಂಡದಿಂದ ಪಡೆದುದು. ಅಂದಿನಿಂದ ಅದೇ ಬೆಳೆಯುತ್ತ ಬಂದಿದೆ. ಕೋಳಿಯ ಭ್ರೂಣದ ಕೋಶಗಳನ್ನು ಬಳಸುವ ಲಸಿಕೆಯೂ ಇದೆ. ಗಾಯಕ್ಕೆ ಚುಚ್ಚುವ ಪ್ರತಿಕಾಯಗಳನ್ನು ಕುದುರೆಯ ರಕ್ತದಿಂದ ಪಡೆಯುವ ಪದ್ಧತಿಯೂ ಉಳಿದಿದೆ. ಆದುದರಿಂದ ಹಿಂಸೆ ಸಂಪೂರ್ಣ ಅಳಿಯಿತೆಂದು ಹೇಳಲಾಗದು. ಬಹಳ ತಗ್ಗಿತೆಂದು ಹೇಳಬಹುದು. ಸಂಕಲ್ಪಪೂರ್ವಕವಾಗಿ ಕೊಲ್ಲುವುದಕ್ಕೂ ಜೀವರಕ್ಷಣೆಯಲ್ಲಿ ಅನಿವಾರ್ಯವಾಗಿ ಒದಗುವುದಕ್ಕೂ ನಮ್ಮ ಆಚಾರ್ಯರು ಭೇದವನ್ನು ಗುರುತಿಸಿದ್ದಾರೆ. ಲಸಿಕೆಯನ್ನು ತಿರಸ್ಕರಿಸಿ ಪ್ರಾಣ ಕಳೆದುಕೊಳ್ಳುವುದು ವ್ರತವಾಗಲಾರದು.

ಇದಕ್ಕಿಂತ ಮುಖ್ಯವಾದ ಬದಲಾವಣೆ ನಾಯಿಗೆ ಸಂಬಂಧಿಸಿದ್ದು. ಒಂದು ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಪ್ರತಿವರ್ಷ ಲಸಿಕೆ ಹಾಕಿದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ಇಂದು ಸ್ಥಿರಪಟ್ಟ ತಿಳಿವಳಿಕೆ. ಬೀದಿನಾಯಿಗಳನ್ನು ಕೊಲ್ಲುವ ಬದಲು ಅವುಗಳಿಗೆ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿ ಲಸಿಕೆ ಹಾಕಬೇಕೆಂದು ಕೇಂದ್ರ ಸರಕಾರ 2001ರಲ್ಲಿಯೇ ನಿಯಮ ರಚಿಸಿತು. ನೆರೆಯ ಗೋವೆಯಲ್ಲಿ 2013ರಿಂದ ನಾಯಿಗಳಿಗೆ ವ್ಯಾಪಕವಾಗಿ ಲಸಿಕೆ ಹಾಕಲಾಯಿತು. 2021ರಲ್ಲಿ ಆ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ಕೊಲ್ಲದೆಯೂ ಕಾಯಬಹುದು ಎಂಬುದಕ್ಕೆ ಇದು ಕಣ್ಣೆದುರಿನ ನಿದರ್ಶನ.

ದಾರಿ ತೆರೆದ ಮೇಲೆ ಹೊಣೆಯೂ ಹೆಚ್ಚುತ್ತದೆ. ಪ್ರಮಾದವೇ ಹಿಂಸೆಯ ಮೂಲವೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಬಸದಿಯ ಬಾಗಿಲಲ್ಲಿ ನಾಯಿಗಳಿಗೆ ದಿನವೂ ಅನ್ನವಿಟ್ಟು, ಅವುಗಳ ಲಸಿಕೆಯನ್ನು ಮರೆಯುವುದು ಇಂತಹ ಪ್ರಮಾದವೇ ಸರಿ. ಅಲ್ಲಿ ಆಡುವ ಮಗುವಿಗೂ ಅದರಿಂದ ಅಪಾಯ. ರೋಗ ತಗುಲಿ ಕೆಲವೇ ದಿನಗಳಲ್ಲಿ ನರಳಿ ಸಾಯುವ ಆ ಮೂಕಜೀವಕ್ಕೂ ಅಪಾಯ. ಅನ್ನದಾನಕ್ಕೆ ನಿಧಿ ತೆಗೆದಿಡುವ ಆಡಳಿತ ಮಂಡಳಿಗಳು ಪಶುವೈದ್ಯರನ್ನು ವರ್ಷಕ್ಕೊಮ್ಮೆ ಕರೆಸುವ ವೆಚ್ಚವನ್ನೂ ಅದರಲ್ಲಿಯೇ ಸೇರಿಸುವುದು ಉಚಿತ.

ಮನೆಯವರು ನೆನಪಿಡಬೇಕಾದುದು ಇಷ್ಟು: ನಾಯಿ ಕಚ್ಚಿದರೆ, ಚರ್ಮ ತರಚಿದರೂ ಸಹ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನ ಪುಡಿ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಹೇಳಿದ ದಿನಗಳಂದು ತಪ್ಪದೆ ಎಲ್ಲ ಚುಚ್ಚುಮದ್ದುಗಳನ್ನೂ ಪೂರೈಸಬೇಕು. ಈಗ ಅವನ್ನು ಹೊಟ್ಟೆಗೆ ಚುಚ್ಚುವುದಿಲ್ಲ, ತೋಳಿಗೆ ಚುಚ್ಚುತ್ತಾರೆ.

1926ರ ಅಹಮದಾಬಾದಿನ ಸಜ್ಜನರಿಗೆ ದೊರೆಯದಿದ್ದ ಉಪಾಯ ಇಂದು ನಮ್ಮ ಕೈಯಲ್ಲಿದೆ. ಅದನ್ನು ಬಳಸದೆ ಉಳಿದರೆ ನಾಯಿಯ ಸಾವಿಗೂ ಮನುಷ್ಯನ ಸಾವಿಗೂ ನಾವು ಉತ್ತರ ಹೇಳಬೇಕಾಗುತ್ತದೆ.